ಹಾರಲು ಕಲಿಸುವ ಶಿಬಿರಕ್ಕೆ ಹೆಸರು ಕೊಡುವ ಮೊದಲು

ಉಡುಪಿ, ಮಣಿಪಾಲದ ವಾಟ್ಸಾಪ್ ಗ್ರೂಪುಗಳಲ್ಲಿ ಈ ವಾರ ಒಂದು ಪೋಸ್ಟರ್ ಓಡಾಡುತ್ತಾ ಉಂಟು: ‘ರಂಗದ ಮೇಲೆ ಹಾರಲು ಕಲಿಯಿರಿ, ಎರಡು ದಿನದ ಶಿಬಿರ’. ಅದರಲ್ಲಿ ಗದೆ ಹಿಡಿದು ಗಾಳಿಯಲ್ಲಿ ನಗುತ್ತಿರುವವನು ನಾನೇ. ಆ ಫೋಟೋ ತೆಗೆದು ಹತ್ತು ನಿಮಿಷ ಆಗುವುದರೊಳಗೆ ನನಗೆ ಎಚ್ಚರ ತಪ್ಪಿತ್ತು.

ನಮ್ಮೂರ ವಾರ್ಷಿಕೋತ್ಸವದ ನಾಟಕದಲ್ಲಿ ನನ್ನದು ಹನುಮಂತ. ಯಕ್ಷಗಾನದಲ್ಲಾದರೆ ನಾಲ್ಕು ಧೀಂಗಿಣ (ಗಿರಕಿ ಹೊಡೆಯುವ ಜಿಗಿತ) ಹಾಕಿದರೆ ಸಮುದ್ರ ದಾಟಿ ಆಯಿತು, ನೋಡುವವರು ನಂಬುತ್ತಾರೆ. ನಮಗೆ ವಯರಿಗೆ ನೇತುಬಿದ್ದು ಹಾರುವ ಹುಚ್ಚು. ಮಂಗಳೂರಿನಲ್ಲಿ ಶಿಬಿರ ಉಂಟು ಅಂದದ್ದೇ ತಡ, ಐದು ಸಾವಿರ ಕಟ್ಟಿ ಹೋದೆ.

ಪಣಂಬೂರು ಕಡೆಯ ಒಂದು ಶೀಟಿನ ಶೆಡ್ಡು. ಮಾಡಿನ (ಛಾವಣಿಯ) ಪೈಪಿಗೆ ರಾಟೆ, ವಯರಿಗೆ ಜೋಡಿಸಿದ ಹಗ್ಗ, ಎಳೆಯಲು ಮೂವರು ಹುಡುಗರು. ನಾನು 72 ಕೆಜಿ. ಅವರು ಕೆಳಕ್ಕೆ ಎಳೆದು ಹಿಡಿಯುವಾಗ ಪೈಪಿನ ಮೇಲೆ ಬೀಳುವುದು 72 ಅಲ್ಲ, ಹತ್ತಿರ ಹತ್ತಿರ 144. ಶೀಟು ಹೊರಲು ಹಾಕಿದ ಪೈಪು ಅದು! ಈ ಲೆಕ್ಕ ಹೊಳೆದದ್ದು ಪ್ಲಾಸ್ಟರ್ ಹಾಕಿಕೊಂಡು ಮಲಗಿದ ಮೇಲೆ.

ನನಗೆ ಕಟ್ಟಿದ್ದು ಕಟ್ಟಡ ಕೆಲಸದವರ ಸೇಫ್ಟಿ ಬೆಲ್ಟು. ಹಾರುವುದಕ್ಕೆಂದೇ ಮಾಡಿದ ಹಾರ್ನೆಸ್‌ನಲ್ಲಿ ಸೊಂಟದ ಎರಡೂ ಬದಿಗೆ ಕೊಂಡಿ ಇರುತ್ತದೆ, ಎರಡು ವಯರಿನಲ್ಲಿ ಮೈಯನ್ನು ಅಡ್ಡ ಮಲಗಿಸಬಹುದು. ಇದಕ್ಕೆ ಬೆನ್ನಲ್ಲಿ ಒಂದೇ ರಿಂಗು. ಬೀಳುವವನನ್ನು ತಡೆದು ಹಿಡಿಯುವ ಸಾಮಾನು, ನೇತುಹಾಕಿ ಇಡುವುದಕ್ಕಲ್ಲ. ಎತ್ತಿದ ಕೂಡಲೇ ಭಾರವೆಲ್ಲ ತೊಡೆಸಂದಿಯ ಪಟ್ಟಿಗಳ ಮೇಲೆ ಬಂತು.

ಫೋಟೋ ಆಯಿತು, ವಿಡಿಯೋ ಆಯಿತು. ಆಗ ಕಲಿಸುವವರಿಗೊಂದು ಫೋನು. “ಹಾಗೇ ಇರಿ ಸರ್, ಅಲ್ಲಾಡಬೇಡಿ” ಅಂದು ಹೊರಗೆ ಹೋದರು. ಅಲ್ಲಾಡದೆ ಇದ್ದದ್ದೇ ತಪ್ಪು. ಕಾಲು ಸುಮ್ಮನೆ ಜೋತಾಡುತ್ತಿದ್ದರೆ ರಕ್ತ ಅಲ್ಲೇ ನಿಂತು ಮೇಲಕ್ಕೆ ಬರುವುದು ಕಮ್ಮಿಯಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ನನಗೆ ಮೊದಲು ಪಾದ ಜೋಮು ಹಿಡಿಯಿತು. ಆಮೇಲೆ ತಣ್ಣನೆಯ ಬೆವರು. ಶೀಟಿನ ಮೇಲೆ ಕಾಗೆ ನಡೆಯುವ ಟಕಟಕ ದೂರ ದೂರ ಆಗುತ್ತಾ ಹೋಯಿತು. “ಇಳಿಸಿ ಮಾರಾಯ್ರೆ” ಅಂದದ್ದಷ್ಟೇ ನೆನಪು.

ಹುಡುಗರಿಗೆ ಎತ್ತಲು ಮಾತ್ರ ಹೇಳಿಕೊಟ್ಟಿದ್ದರು. ಹಗ್ಗಕ್ಕೆ ಬ್ರೇಕ್ ಇಲ್ಲ. ಒಬ್ಬನ ಕೈ ಜಾರಿತಂತೆ, ಉಳಿದಿಬ್ಬರ ಅಂಗೈ ಸುಲಿಯಿತು, ಕೊನೆಯ ಆರಡಿ ನಾನು ಧೊಪ್ಪನೆ ಬಂದೆ. ಹಿಮ್ಮಡಿಯ ಎಲುಬು ಬಿರುಕು, ಆರು ವಾರ ಪ್ಲಾಸ್ಟರ್.

ಎಚ್ಚರವಾದಾಗ ವಯರಿನ ತುದಿ ಮುಖದ ಹತ್ತಿರವೇ ಬಿದ್ದಿತ್ತು. ಕಡಲಗಾಳಿಗೆ ತುಕ್ಕು ಹಿಡಿದು, ತುಂಡಾದ ಎಳೆಗಳು ಮುಳ್ಳಿನ ಹಾಗೆ ಎದ್ದಿದ್ದವು. ಕರ್ಚೀಫು ಸವರಿದರೆ ನೂಲು ಸಿಕ್ಕಿಕೊಂಡಿತು. ಕೊಂಡಿಯ ಮೇಲೆ ಎಷ್ಟು ಭಾರ ತಡೆಯುತ್ತದೆ ಎಂಬ ಒಂದು ಗುರುತೂ ಇಲ್ಲ. ಬಂಡೆ ಹತ್ತುವವರ ಕೊಂಡಿಯ (ಕ್ಯಾರಬೀನರ್) ಮೇಲೆ 22 ಕಿಲೋನ್ಯೂಟನ್ ಅಂತಲೋ ಏನೋ ಒಂದು ಅಂಕಿ ಕೆತ್ತಿರುತ್ತದೆ. 22 ಅಂದರೆ ಸುಮಾರು 2,200 ಕೆಜಿ ಭಾರ.

ಕಲಿಸುವವರು ಸಿನಿಮಾ ಫೈಟ್ ಯೂನಿಟ್‌ನಲ್ಲಿ ಇದ್ದವರಂತೆ, ಅಷ್ಟಕ್ಕೇ ನಾವು ಬಾಯಿ ಮುಚ್ಚಿಕೊಂಡಿದ್ದೆವು. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಶೂಟಿಂಗಿನಲ್ಲೇ ಕ್ರೇನು ಕರೆಂಟಿನ ಲೈನಿಗೆ ತಾಗಿ ಫೈಟರ್ ಒಬ್ಬರು ತೀರಿಹೋದದ್ದು ಗೊತ್ತಿದ್ದೂ.

ಈ ಭಾನುವಾರಕ್ಕೆ ಹೆಸರು ಕೊಟ್ಟವರು, ನಿಮ್ಮನ್ನು ಎತ್ತುವ ಮೊದಲು ನಿಮ್ಮ ಎರಡು ಪಾಲು ತೂಕದ ಮರಳು ಚೀಲ ಎತ್ತಿಸಿ, ಅರ್ಧದಲ್ಲಿ ನಿಲ್ಲಿಸಿ, ನಿಧಾನಕ್ಕೆ ಇಳಿಸಿ ತೋರಿಸಲು ಹೇಳಿ. ನಾನು ನಿನ್ನೆ ಕಲಿಸುವವರಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. “ಅಷ್ಟು ಭಾರ ಹಾಕಿ ಮಾಡು ಮುರಿದರೆ ಯಾರು ಸರ್ ಕಟ್ಟಿಕೊಡುವುದು?” ಅಂದರು.