ಹುಳದ ಹೋಟೆಲ್ ತರಿಸಿದೆ, ಹಲ್ಲಿ ಬಂದು ಇಳಿಯಿತು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಪ್ಯಾಕಿಂಗ್‌ಗೆ. ಆ ರಟ್ಟಿನ ಡಬ್ಬಿ ಗಟ್ಟಿ ಇದೆ, ಈಗ ಅದರಲ್ಲಿ ಅಸ್ತರದ ಬಟ್ಟೆ ಇಡುತ್ತಿದ್ದೇನೆ.

ತರಿಸಿದ್ದು 'ಬೀ ಹೋಟೆಲ್'. ಆನ್‌ಲೈನ್‌ನಲ್ಲಿ 849 ರೂಪಾಯಿ. ಮರದ ಪುಟ್ಟ ಮನೆ, ಕೆಂಪು ಚಾವಣಿ, ಒಳಗೆ ಖಾನೆಗಳು. ಒಂದು ಖಾನೆಯಲ್ಲಿ ಬಿದಿರಿನ ಕೊಳವೆ, ಒಂದರಲ್ಲಿ ಪೈನ್ ಮರದ ಕಾಯಿ, ಇನ್ನೊಂದರಲ್ಲಿ ಮರದ ಹೊಟ್ಟು. ನಡುವೆ ಉದ್ದುದ್ದ ಸೀಳು ಇರುವ ಬಾಗಿಲು, ಅದು ಪಾತರಗಿತ್ತಿಗಂತೆ. ಫೋಟೋದಲ್ಲಿ ಥೇಟ್ ಗೊಂಬೆ ಮನೆ.

ಜೇನುತುಪ್ಪ ಸಿಗುತ್ತೆ ಅಂದುಕೊಂಡು ಓದುತ್ತಿದ್ದರೆ ಇಲ್ಲೇ ನಿಲ್ಲಿಸಿ. ಇದು ಜೇನು ಪೆಟ್ಟಿಗೆ ಅಲ್ಲ. ಗುಂಪು ಕಟ್ಟದ, ತುಪ್ಪ ಕೂಡಿಡದ ಒಂಟಿ ಜೇನುಗಳೂ ಇವೆ, ಈ ಹೋಟೆಲ್ ಅವು ಬಂದು ಗೂಡು ಕಟ್ಟಲಿ ಅಂತ. ಅವುಗಳಲ್ಲಿ ಹೆಣ್ಣು ಒಂದೇ ದುಡಿಯುತ್ತೆ. ತೂತು ಹುಡುಕುತ್ತೆ, ಪರಾಗದ ಉಂಡೆ ತಂದಿಡುತ್ತೆ, ಅದರ ಮೇಲೊಂದು ಮೊಟ್ಟೆ, ಆಮೇಲೆ ಅಡ್ಡ ಗೋಡೆ. ಹೀಗೆ ಕೋಣೆಯ ಮುಂದೆ ಕೋಣೆ ಕಟ್ಟಿ, ಕೊನೆಗೆ ಬಾಯಿ ಮುಚ್ಚಿ ಹೋಗಿಬಿಡುತ್ತೆ. ಕಾಯೋಕೆ ತುಪ್ಪ ಇಲ್ಲವಲ್ಲ, ಮೈಮೇಲೆ ಬರೋದೂ ಇಲ್ಲ. ಹಿಡಿದು ಹಿಸುಕಿದರೆ ಮಾತ್ರ ಚುಚ್ಚೀತು.

ಇಷ್ಟೆಲ್ಲ ನನಗೆ ಮೊದಲು ಗೊತ್ತಿರಲಿಲ್ಲ. ನಾನು ಬಾಗಲಕೋಟೆ ನವನಗರದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗುಳೇದಗುಡ್ಡದ ಖಣದ ಜಂಪರ ಜಾಸ್ತಿ. ಮಿಷನ್ ವರಾಂಡದಲ್ಲಿದೆ. ಎದುರಿಗೆ ಹದಿನೈದು ಕುಂಡ, ಒಂದು ನುಗ್ಗೆ, ಒಂದು ಕರಿಬೇವು, ಒಂದು ಸಾಲು ಬದನೆ. ಹೋದ ದೀಪಾವಳಿ ಹೊತ್ತಿಗೆ ಗುಲಾಬಿ ಎಲೆಗಳ ಅಂಚು ಮಾಯವಾಗತೊಡಗಿತು. ಪಕ್ಕದ ಮನೆಯವರು ನೋಡಿ "ಹುಳಾ ಬಿದ್ದಾವ್ರಿ, ಔಷಧ ಹೊಡೀರಿ" ಅಂದರು. ಔಷಧದ ಬಾಟಲಿ ಮನೆಯಲ್ಲೇ ಇತ್ತು, ಹೊಡೆದೇ ಬಿಡುತ್ತಿದ್ದೆ. ಆದರೆ ಎಲೆ ಕೈಗೆ ತಗೊಂಡಾಗ ಅದು ತಿಂದ ಹಾಗೆ ಕಾಣಲಿಲ್ಲ. ತಿಂದ ಅಂಚು ಹರಕುಮುರುಕು ಇರುತ್ತೆ. ಇದು ಕಟಿಂಗ್. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳಿಗೆ ಅಷ್ಟೂ ತಿಳಿಯಲ್ವಾ? ಕತ್ತರಿ ಎತ್ತದೆ ಒಂದೇ ಏಟಿಗೆ ಕೊರಳಿನ ಸುತ್ತು ತೆಗೆದ ಹಾಗಿತ್ತು.

ಮರುದಿನ ಹತ್ತು ಗಂಟೆಗೆ ಕಳ್ಳಿ ಸಿಕ್ಕಳು. ಜೇನಿನಷ್ಟೇ ದಪ್ಪ, ಬಣ್ಣ ಕಪ್ಪು. ಎಲೆಯ ಅಂಚಿಗೆ ಕಾಲು ಚಾಚಿ ಕೂತು, ತಾನು ಕೂತ ತುಂಡನ್ನೇ ಸುತ್ತಲೂ ಕತ್ತರಿಸುತ್ತ ಬಂತು. ಕೊನೆಯ ಎಳೆ ಉಳಿದಾಗ ರೆಕ್ಕೆ ಬಡಿಯೋಕೆ ಶುರು ಮಾಡಿತು. ಎಲೆ ಕಳಚಿತು, ಹುಳ ಬೀಳಲಿಲ್ಲ. ತುಂಡನ್ನು ಹೊಟ್ಟೆಯಡಿ ಸುರುಳಿ ಮಾಡಿ ಹಿಡಿದು ಹಾರಿತು. ನಾನು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಸಾಕಾಯಿತು ಅದಕ್ಕೆ. ಹೋಗಿದ್ದೆಲ್ಲಿಗೆ ಗೊತ್ತಾ? ವರಾಂಡದ ಸ್ವಿಚ್ ಬೋರ್ಡಿನ ಪ್ಲಗ್ ತೂತಿಗೆ.

ಅಕ್ಕನ ಮಗಳು ಇಲ್ಲೇ ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅವಳಿಗೆ ಎಲೆ ತೋರಿಸಿದೆ. "ಚಿಗವ್ವಾ, ಇದು ಎಲೆ ಕತ್ತರಿಸೋ ಜೇನು. ಗಿಡಕ್ಕೇನೂ ಆಗಂಗಿಲ್ಲ. ಉದ್ದನ ತುಂಡು ಕೋಣಿ ಗ್ವಾಡಿಗೆ, ದುಂಡನ ತುಂಡು ಮುಚ್ಚಳಕ್ಕ" ಅಂದಳು. ನೋಡಿದರೆ ನಿಜ, ಎಲೆಗಳಲ್ಲಿ ಎರಡೂ ಅಳತೆ ಇದ್ದವು. ತೋಳಿಗೆ ಒಂದು ಕಟಿಂಗ್, ಕೊರಳಿಗೆ ಇನ್ನೊಂದು.

ಪ್ಲಗ್ ತೂತೇ ಯಾಕೆ ಅಂತ ಯೋಚಿಸಿದೆ. ಆಲಮಟ್ಟಿ ಹಿನ್ನೀರಿಗೆ ಹೋದ ನಮ್ಮ ಹಳೆ ಮನೆಗೆ ಮಣ್ಣಿನ ಗೋಡೆ ಇತ್ತು, ತೊಲೆ ಇತ್ತು, ತೂತಿಗೆ ಲೆಕ್ಕವಿರಲಿಲ್ಲ. ಇಲ್ಲಿ ಸಿಮೆಂಟು, ಪುಟ್ಟಿ, ಪೇಂಟು. ಹುಳ ಹೋಗಲಿ ಎಲ್ಲಿಗೆ? ಸ್ವಿಚ್ ಬೋರ್ಡಿನಲ್ಲಿ ಇರೋದಕ್ಕಿಂತ ಹೋಟೆಲಿನಲ್ಲಿ ಇರಲಿ ಅಂತ ಡಿಸೆಂಬರಿನಲ್ಲಿ ಆರ್ಡರ್ ಮಾಡಿದೆ. ಮನೆಯವರು ನಕ್ಕರು. "ಇನ್ನು ಮೆನು ಕಾರ್ಡೂ ಬರೀ" ಅಂದರು.

ಬಂದ ದಿನ ಮೊದಲು ಟೇಪ್ ಹಿಡಿದೆ. ಕೊಳವೆಯ ಆಳ ಆರು ಸೆಂಟಿಮೀಟರ್. ಹದಿನೈದರ ಹತ್ತಿರವಾದರೂ ಇರಬೇಕಂತೆ. ಈ ಜೇನುಗಳು ಹೆಣ್ಣಾಗುವ ಮೊಟ್ಟೆಗಳನ್ನು ಒಳಗಡೆಗೆ, ಗಂಡಾಗುವವನ್ನು ಬಾಗಿಲ ಕಡೆಗೆ ಇಡುತ್ತವೆ. ಕೊಳವೆ ಮೋಟಾದರೆ ಗಂಡುಗಳೇ ಜಾಸ್ತಿ. ಅದೂ ಹೋಗಲಿ, ಕೊಳವೆಯ ಹಿಂಭಾಗ ತೆರೆದೇ ಇತ್ತು. ಈ ಕಡೆಯಿಂದ ನೋಡಿದರೆ ಆ ಕಡೆಯ ಗೋಡೆ ಕಾಣುತ್ತೆ! ಹಿಂದೆ ಮುಚ್ಚಿರದ ಕೊಳವೆಗೆ ಇವು ಹೋಗೋದಿಲ್ಲ. ಬಾಯಿಯ ಅಂಚಿನಲ್ಲಿ ಸಿಬಿರು, ಬೆರಳು ಸವರಿದರೆ ಚುಚ್ಚುತ್ತೆ. ತೆಳ್ಳನೆ ರೆಕ್ಕೆ ಹರಿಯೋಕೆ ಅಷ್ಟು ಸಾಕು. ಪೈನ್ ಕಾಯಿ, ಹೊಟ್ಟು ಬರೀ ಶೋಕಿ. ಪಾತರಗಿತ್ತಿಯಂತೂ ಎಲೆಯಡಿ ರಾತ್ರಿ ಕಳೆಯುವ ಜೀವ, ಸೀಳಿನೊಳಗೆ ನುಗ್ಗಿ ಮಲಗೋದುಂಟೇ?

ಇಂಗ್ಲಿಷಿನ ಚೀಟಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ದಿನವಿಡೀ ಬಿಸಿಲು ಬೀಳುವಲ್ಲಿ ತೂಗುಹಾಕಿ ಅಂತ ಬರೆದಿತ್ತು. ಚಳಿ ದೇಶದವರು ಬರೆದದ್ದಿರಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅಲ್ಲಿ ಹಪ್ಪಳ ಒಣಗಿಸಬಹುದು. ಚೀಟಿಯಂತೆ ದಾರ ಕಟ್ಟಿ ತೂಗುಹಾಕಿದ್ದಕ್ಕೆ ಗಾಳಿಗೆ ತೊಟ್ಟಿಲಿನ ಹಾಗೆ ತೂಗಾಡಿತು. ಹುಳಕ್ಕೆ ಅಲ್ಲಾಡುವ ಮನೆ ಬೇಡ. ಮೂರು ತಿಂಗಳಲ್ಲಿ ಒಂದು ಕೊಳವೆಯೂ ಭರ್ತಿಯಾಗಲಿಲ್ಲ. ಏಪ್ರಿಲಿನಲ್ಲಿ ಅಂಟು ಬಿಟ್ಟು ಚಾವಣಿ ಜಾರಿತು. ಹೊಟ್ಟಿನ ಖಾನೆ ಮಾತ್ರ ಖಾಲಿ ಇರಲಿಲ್ಲ. ಹಲ್ಲಿ ಬಂದು ಎರಡು ಮೊಟ್ಟೆ ಇಟ್ಟಿತ್ತು, ಬಿಳಿ ಸಕ್ಕರೆ ಗುಳಿಗೆಯ ಹಾಗೆ.

ಮಾರಿದವರಿಗೆ ಫೋಟೋ ಸಮೇತ ದೂರು ಕಳಿಸಿದೆ. ಐದು ಸ್ಟಾರ್ ಕೊಟ್ಟರೆ 50 ರೂಪಾಯಿ ವಾಪಸ್ ಕೊಡುತ್ತೇವೆ ಅಂತ ಉತ್ತರ ಬಂತು. ಅಲ್ಲಿಗೆ ಆ ವ್ಯವಹಾರ ಮುಗಿಯಿತು.

ಮೇ ತಿಂಗಳಲ್ಲಿ ಹಳೆ ಊರಿಗೆ ಹೋದಾಗ ಬುಟ್ಟಿ, ಏಣಿ ಮಾಡುವ ಮೇದಾರರ ಹತ್ತಿರ ಬಿದಿರಿನ ಸಣ್ಣ ತುಂಡು ಕೇಳಿದೆ. "ಇಷ್ಟ ಮೋಟು ತುಂಡು ಒಯ್ದು ಏನ್ ಮಾಡ್ತೀರಿ ಅಕ್ಕಾರ?" ಅಂದರು ಆ ಅಜ್ಜ. ಹುಳಕ್ಕೆ ಮನೆ ಅಂದೆ. ನಗಲಿಲ್ಲ. "ಹಂಗಾರ ಗಂಟು ಹಿಂದ ಬರಂಗ ಕೊಯ್ಯಬೇಕ್ರಿ. ಗಂಟು ಇದ್ರ ಗಾಳಿ ಹಾಯಂಗಿಲ್ಲ. ನಮ್ಮ ಏಣ್ಯಾಗೂ ದುಂಬಿ ಹೊಕ್ಕೊಂತಾವ" ಅಂದರು. 849 ರೂಪಾಯಿಯ ಕಂಪನಿಗೆ ತಿಳಿಯದ್ದು ಅವರಿಗೆ ತಿಳಿದಿತ್ತು. ಇಪ್ಪತ್ತಾರು ತುಂಡಿಗೆ 60 ರೂಪಾಯಿ ಕೊಟ್ಟೆ. ಪೆನ್ಸಿಲ್ ಹೋಗುವಷ್ಟು ಅಗಲದವು ಜಾಸ್ತಿ, ಕೆಲವು ಅದಕ್ಕಿಂತ ಸಣ್ಣವು. ಬಾಯಿಗೆ ಮರಳು ಕಾಗದ ಉಜ್ಜಿ, ಕಾಲಿನಿಂದ ತುಳಿಯುವ ಹಳೆ ಮಿಷನ್ನಿನ ಮರದ ಡ್ರಾವರಿಗೆ ಒತ್ತಾಗಿ ತುಂಬಿದೆ. ಪೂರ್ವದ ಗೋಡೆಗೆ, ವರಾಂಡದ ಮಾಡಿನ ಕೆಳಗೆ, ಅಲ್ಲಾಡದ ಹಾಗೆ ಮೊಳೆ ಹೊಡೆಸಿದೆ. ಪ್ಲಗ್ ತೂತಿಗೆ ಪ್ಲಾಸ್ಟಿಕ್ ಮುಚ್ಚಳ ಬಿತ್ತು.

ಮಳೆ ಹಿಡಿದ ಮೇಲೆ ಭರ್ತಿ ಶುರುವಾಯಿತು. ಇವತ್ತಿಗೆ ಹನ್ನೊಂದು ಕೊಳವೆ ಮುಚ್ಚಿವೆ. ಆರಕ್ಕೆ ಎಲೆಯ ಮುಚ್ಚಳ, ಎಲ್ಲ ನನ್ನ ಗುಲಾಬಿಯದೇ. ನಾಲ್ಕಕ್ಕೆ ಮಣ್ಣಿನ ಮೆತ್ತಿಗೆ. ಅದು ಕಣಜದ ಕೆಲಸ, ಒಳಗೆ ಹಸಿರು ಹುಳ ಹಿಡಿದು ತುಂಬುತ್ತೆ. ಸತ್ತ ಹುಳ ಅಲ್ಲ, ಚುಚ್ಚಿ ಮಿಸುಕದ ಹಾಗೆ ಮಾಡಿದ ಹುಳ, ಮರಿಗೆ ತಾಜಾ ಊಟ. ಒಂದಕ್ಕೆ ಮರದ ಅಂಟಿನ ಮುಚ್ಚಳ, ಬೆಲ್ಲದ ಪಾಕ ಗಟ್ಟಿಯಾದ ಹಾಗೆ. ಪರಾಗ ಹೊತ್ತು ಬರುವಾಗ ಎಲೆ ಕತ್ತರಿಸೋಳ ಹೊಟ್ಟೆ ನೋಡಬೇಕು, ಅರಿಷಿಣ ಬಡಿದುಕೊಂಡ ಹಾಗೆ ಇರುತ್ತೆ. ಬೇರೆ ಜೇನಿಗೆ ಪರಾಗ ಕಾಲಿಗೆ ಅಂಟಿದರೆ ಇದಕ್ಕೆ ಹೊಟ್ಟೆಗೆ.

ಡ್ರಾವರಿನ ಕಡೆ ನೋಡುತ್ತ ಕೂತರೆ ಉಳಿದದ್ದೂ ಕಣ್ಣಿಗೆ ಬೀಳುತ್ತೆ. ಬೇಸಿಗೆಯಲ್ಲಿ ಹರವಿಗೆ ಸುತ್ತಿದ ಒದ್ದೆ ಗೋಣಿತಟ್ಟಿಗೆ ಕೋಲುಜೇನು ನೀರಿಗೆ ಬಂದವು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಅಂದುಕೊಂಡು ಒರೆಸೋಕೆ ಹೋದೆ, ಅದು ಪಾತರಗಿತ್ತಿಯ ಮರಿಹುಳ. ನನಗೆ ಜಾಸ್ತಿ ಹಿಡಿಸಿದ್ದು ಬದನೆ ಹೂವಿಗೆ ಬರುವ ನೀಲಿ ಪಟ್ಟಿಯ ಜೇನು. ಹೂವಿಗೆ ತೆಕ್ಕೆ ಹಾಕಿ ಝಂಯ್ ಅಂತ ಮೈ ನಡುಗಿಸುತ್ತೆ. ಮೊದಲ ಸಲ ಕೇಳಿದಾಗ ಕಾಲು ತಪ್ಪಿ ಓವರ್‌ಲಾಕ್ ಮಿಷನ್ನಿನ ಪೆಡಲ್ ಒತ್ತಿದೆನೇನೋ ಅಂತ ಕೆಳಗೆ ನೋಡಿದೆ. ಬದನೆಯ ಪರಾಗ ಉಪ್ಪಿನ ಡಬ್ಬಿಯಲ್ಲಿದ್ದ ಹಾಗೆ, ತುದಿಯ ಸಣ್ಣ ತೂತಿನಿಂದ ಅಲುಗಾಡಿಸಿದರೇ ಉದುರೋದು. ತುಪ್ಪದ ಜೇನಿಗೆ ಈ ವಿದ್ಯೆ ಬರಲ್ಲ. ಈ ಸಲ ಎಣ್ಣೆಗಾಯಿಗೆ ಸಂತೆಯಿಂದ ಬದನೆಕಾಯಿ ತಂದಿಲ್ಲ. ಇವುಗಳಲ್ಲಿ ಗಂಡು ಸಂಜೆಗೆ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಾಲು ಬಿಟ್ಟು, ಹಾಗೇ ನಿದ್ದೆ ಹೋಗುತ್ತವೆ. ತುಳಸಿ ಕಟ್ಟೆಯ ಪಕ್ಕದ ಕಡ್ಡಿಯಲ್ಲಿ ನಿನ್ನೆ ನಾಲ್ಕು ಇದ್ದವು. ದೀಪ ಇಡುವಾಗ ಕೈ ತಾಗೀತು ಅಂತ ಈಗ ಸ್ವಲ್ಪ ಸರಿದು ನಿಲ್ಲುತ್ತೇನೆ.

ಕಂಪನಿಯ ಹೋಟೆಲ್ ಇನ್ನೂ ನುಗ್ಗೆ ಮರದಲ್ಲೇ ತೂಗಾಡುತ್ತಿದೆ. ನವನಗರದವರು ಯಾರಿಗಾದರೂ ಶೋಕಿಗೆ ಬೇಕಿದ್ದರೆ ಬಿಟ್ಟಿ ಕೊಡುತ್ತೇನೆ, ಚಾವಣಿಗೆ ಫೆವಿಕಾಲ್ ಹಚ್ಚಿ. ಹಲ್ಲಿ ಸಮೇತ ಒಯ್ಯಬೇಕು.