ಪ್ರಾಣಿ ಮತ್ತು ಸಸ್ಯ ಫಿಸಿಯಾಲಜಿ ಪರಿಚಯ ಕೋರ್ಸ್: ಮುಗಿಸಿ ವರ್ಷಗಳಾದ ಮೇಲಿನ ವಿಮರ್ಶೆ

ಕೋರ್ಸ್ ಮುಗಿದ ವಾರವೇ ಬರೆಯುವ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಎರಡೇ ವಿಷಯ ಇರುತ್ತವೆ: ಮೇಷ್ಟ್ರು ಹೇಗೆ, ಪರೀಕ್ಷೆ ಎಷ್ಟು ಕಷ್ಟ. ನಾನು ಈ ಕೋರ್ಸ್ ಮುಗಿಸಿ ವರ್ಷಗಳೇ ಆಗಿವೆ. ಆಮೇಲೆ ಕಿರಿಯ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ, ಬೇರೆ ಬೇರೆ ಕಾಲೇಜುಗಳ ಸಿಲಬಸ್ ತಿರುವಿ ಹಾಕಿದ್ದೇನೆ. ಇದರಲ್ಲಿ ಯಾವುದು ತಲೆಯಲ್ಲಿ ಉಳಿಯುತ್ತದೆ, ಯಾವುದು ಪರೀಕ್ಷೆ ಹಾಲ್‌ನಲ್ಲೇ ಬಿಟ್ಟುಹೋಗುತ್ತದೆ ಅನ್ನೋದು ಈಗ ಚೆನ್ನಾಗಿ ಗೊತ್ತಾಗಿದೆ.

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಆ ಒಂದು ಸ್ಟಾರ್ ಪೂರ್ತಿ ಸಸ್ಯ ಭಾಗದ ಲೆಕ್ಕಕ್ಕೆ. ತಪ್ಪು ಗಿಡಗಳದ್ದಲ್ಲ, ಸಿಲಬಸ್ ಮಾಡಿದವರದ್ದು.

ಚೌಕಟ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕೋಶಪೊರೆಯಿಂದ ಶುರು. ಆಮೇಲೆ ನರ, ಸ್ನಾಯು, ಹೃದಯ, ರಕ್ತ, ಉಸಿರಾಟ, ಕಿಡ್ನಿ, ಹಾರ್ಮೋನು. ಇಷ್ಟೆಲ್ಲ ಆಗಿ ಎಲ್ಲರೂ ಸುಸ್ತಾಗಿರುವಾಗ ಗಿಡ ಬರುತ್ತದೆ. ನೀರಿನ ಸಾಗಾಟ, ದ್ಯುತಿಸಂಶ್ಲೇಷಣೆ, ಬೆಳವಣಿಗೆಯ ಹಾರ್ಮೋನು, ಬೆಳಕಿಗೆ ಗಿಡ ಸ್ಪಂದಿಸುವ ರೀತಿ. ನಾನು ಓದಿದ ಕಾಲೇಜಿನಲ್ಲಿ ಫೈಟೋಕ್ರೋಮ್ (ಗಿಡದಲ್ಲಿ ಬೆಳಕನ್ನು ಗುರುತಿಸುವ ವರ್ಣದ್ರವ್ಯ) ಮತ್ತು ಹೂ ಬಿಡುವ ವಿಷಯ ಎರಡನ್ನೂ ಒಂದೇ ಕ್ಲಾಸಿನಲ್ಲಿ ಮುಗಿಸಿದರು. ಲೆಟ್ಯೂಸ್ ಬೀಜಕ್ಕೆ ಕೆಂಪು ಬೆಳಕು ಕೊಟ್ಟರೆ ಮೊಳೆಯುತ್ತದೆ. ಅದರ ಹಿಂದೆಯೇ ದೂರ-ಕೆಂಪು ಬೆಳಕು (ಕೆಂಪಿನ ಅಂಚಿನಾಚೆ, ಕಣ್ಣಿಗೆ ಅಷ್ಟಾಗಿ ಕಾಣದ್ದು) ಕೊಟ್ಟರೆ ಮೊಳೆಯುವುದಿಲ್ಲ. ಎರಡನ್ನೂ ಎಷ್ಟು ಸಲ ಬದಲಿಸಿ ಕೊಟ್ಟರೂ, ಕೊನೆಗೆ ಬಿದ್ದ ಬೆಳಕು ಹೇಳಿದಂತೆಯೇ ಬೀಜ ಕೇಳುತ್ತದೆ. 1952ರಲ್ಲಿ ಪ್ರಕಟವಾದ ಈ ಪ್ರಯೋಗದ ಮೇಲೆ ಒಂದಿಡೀ ಕ್ಲಾಸ್ ಮಾಡಬಹುದು. ನಮಗೆ ಅದು ಒಂದು ಸ್ಲೈಡಿನಲ್ಲಿ ಬಂದು ಹೋಯಿತು.

ಇನ್ನೊಂದು ತಕರಾರು. ಹೆಸರಿನಲ್ಲಿ 'ಪ್ರಾಣಿ' ಅಂತಿದ್ದರೂ ಬಹುಪಾಲು ಮನುಷ್ಯನ ದೇಹವೇ. ಮೀನಿನ ಕಿವಿರಿನಲ್ಲಿ ನೀರೂ ರಕ್ತವೂ ಎದುರುಬದುರು ಹರಿಯುವುದು, ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಸಾಗುವುದು, ಕೀಟಗಳು ರಕ್ತದ ಹಂಗಿಲ್ಲದೆ ಕೊಳವೆಗಳ ಮೂಲಕ ನೇರವಾಗಿ ಕೋಶಕ್ಕೆ ಆಮ್ಲಜನಕ ಮುಟ್ಟಿಸುವುದು, ಇವೆಲ್ಲ ಪುಸ್ತಕದ ಬಣ್ಣದ ಪೆಟ್ಟಿಗೆಗಳಲ್ಲೇ ಕೂತಿರುತ್ತವೆ. ಮೆಡಿಕಲ್ ಓದಲು ಹೊರಟವರೇ ಜಾಸ್ತಿ ಸೇರುತ್ತಾರೆ, ಅದಕ್ಕೆ ಹೀಗೆ ಅಂತ ಸಮಜಾಯಿಷಿ ಕೊಡುತ್ತಾರೆ. ಇರಬಹುದು. ಆದರೆ ಹಾಗಿದ್ದರೆ ಹೆಸರನ್ನಾದರೂ ಬದಲಿಸಬೇಕು, ಅಲ್ವಾ?

ನನ್ನ ಮಟ್ಟಿಗೆ ಈ ಕೋರ್ಸಿಗೆ ಬೆಲೆ ಬರುವುದು ಒಂದೇ ಪ್ರಶ್ನೆಯನ್ನು ಪ್ರಾಣಿಗೂ ಗಿಡಕ್ಕೂ ಒಟ್ಟಿಗೆ ಕೇಳಿದಾಗ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಮಾಡಿದ್ದೇ ಅದು. ಸೂರ್ಯಕಾಂತಿ ಗಿಡ ಎಷ್ಟು ನೀರು ಹೊರಬಿಡುತ್ತದೆ ಅಂತ ತೂಕ ಹಾಕಿ ನೋಡಿದ. ದ್ರಾಕ್ಷಿ ಬಳ್ಳಿ ಕತ್ತರಿಸಿ, ಮೇಲೇರುವ ರಸದ ಒತ್ತಡ ಅಳೆದ. ಇವನ್ನು 1727ರಲ್ಲಿ ಪ್ರಕಟಿಸಿದ. 1733ರಲ್ಲಿ ಬಂದದ್ದು ಕುದುರೆಯ ಲೆಕ್ಕ: ಅಪಧಮನಿಗೆ ಕೊಳವೆ ಜೋಡಿಸಿದಾಗ ರಕ್ತ ಗಾಜಿನ ನಳಿಕೆಯಲ್ಲಿ ಎಂಟು ಅಡಿಗೂ ಮೇಲೆ ಏರಿತ್ತು. ನಮ್ಮ ಸಿಲಬಸ್‌ನಲ್ಲಿ ಹೇಲ್ಸ್ ಎರಡು ಸಲ ಬರುತ್ತಾನೆ, ರಕ್ತದೊತ್ತಡದ ಯೂನಿಟ್‌ನಲ್ಲಿ ಒಮ್ಮೆ, ಸಸ್ಯದ ನೀರಿನ ಯೂನಿಟ್‌ನಲ್ಲಿ ಒಮ್ಮೆ. ಇಬ್ಬರೂ ಒಬ್ಬನೇ ಅಂತ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ.

ಹೋಲಿಸಿ ಓದಿದರೆ ನೀರಿನ ಪಾಠ ಎಷ್ಟು ಬದಲಾಗುತ್ತದೆ ನೋಡಿ. ನಮ್ಮ ಹೃದಯ ಒತ್ತಿದಾಗ ಸಿಗುವುದು ಸುಮಾರು 120 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಅಂದರೆ ವಾತಾವರಣದ ಒತ್ತಡದ ಆರನೇ ಒಂದು ಪಾಲೂ ಇಲ್ಲ. ಜಿರಾಫೆಯ ತಲೆ ಹೃದಯಕ್ಕಿಂತ ಎರಡು ಮೀಟರಿನಷ್ಟು ಮೇಲಿದೆ. ಅಷ್ಟು ಎತ್ತರಕ್ಕೆ ರಕ್ತ ತಳ್ಳಲು ಅದರ ರಕ್ತದೊತ್ತಡ ನಮ್ಮದಕ್ಕಿಂತ ಸುಮಾರು ಎರಡು ಪಟ್ಟು ಇರಬೇಕಾಗುತ್ತದೆ. ಆದರೆ ಕೋಸ್ಟ್ ರೆಡ್‌ವುಡ್ ಮರ ನೂರು ಮೀಟರಿಗೂ ಎತ್ತರ ಬೆಳೆಯುತ್ತದೆ. ಅದಕ್ಕೆ ಹೃದಯವೇ ಇಲ್ಲ. ನೀರು ಸಾಗುವ ಕ್ಸೈಲಂ ಕೋಶಗಳು ಆ ಕೆಲಸಕ್ಕೆ ಇಳಿಯುವ ಹೊತ್ತಿಗೆ ಸತ್ತೇ ಹೋಗಿರುತ್ತವೆ. ಎಲೆಯಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಸಾಲು ಬೇರಿನಿಂದ ಮೇಲಕ್ಕೆ ಎಳೆಯಲ್ಪಡುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ಹೇಳಿದರು. ಅಲ್ಲಿರುವುದು ಒತ್ತಡವಲ್ಲ, ಸೆಳೆತ. ಹಾಗಾಗಿ ಅಂಕಿಯ ಮುಂದೆ ಮೈನಸ್ ಚಿಹ್ನೆ. ಈ ಮೈನಸ್ ಅರ್ಥವಾಗದೆ ಸಸ್ಯ ಭಾಗವನ್ನೇ ದ್ವೇಷಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೃದಯ ತಳ್ಳುತ್ತದೆ, ಎಲೆ ಎಳೆಯುತ್ತದೆ ಅಂತ ಅಕ್ಕಪಕ್ಕ ಇಟ್ಟು ತೋರಿಸಿದರೆ ಹತ್ತು ನಿಮಿಷದ ಕೆಲಸ.

ಆ ಸೆಳೆತವನ್ನು ಅಳೆದ ಕಥೆಯೂ ಮಜವಾಗಿದೆ. ಪೆರ್ ಸ್ಕೊಲಾಂಡರ್ ಎಂಬ ವಿಜ್ಞಾನಿ ಮೊದಲು ಹೆಸರು ಮಾಡಿದ್ದು ಸೀಲ್‌ಗಳ ಮೇಲಿನ ಅಧ್ಯಯನದಿಂದ. ನೀರಿನೊಳಗೆ ಮುಳುಗಿದಾಗ ಅವುಗಳ ಹೃದಯ ಬಡಿತ ಹೇಗೆ ಇಳಿದುಬಿಡುತ್ತದೆ ಅಂತ ನೋಡುತ್ತಿದ್ದರು. ಅದೇ ಮನುಷ್ಯ 1965ರಲ್ಲಿ ರೆಂಬೆಯನ್ನು ಉಕ್ಕಿನ ಡಬ್ಬಿಯೊಳಗೆ ಮುಚ್ಚಿ, ಕತ್ತರಿಸಿದ ತುದಿ ಮಾತ್ರ ಹೊರಗಿಟ್ಟು, ಅಲ್ಲಿ ರಸ ಕಾಣಿಸುವವರೆಗೆ ಒಳಗೆ ಅನಿಲದ ಒತ್ತಡ ಏರಿಸಿ ಅಳೆದರು. ರಸ ಹೊರಬರಲು ಬೇಕಾದ ಒತ್ತಡ ಎಷ್ಟೋ, ಸೆಳೆತವೂ ಹೆಚ್ಚುಕಡಿಮೆ ಅಷ್ಟೇ. ಎತ್ತರದ ಮರದ ತುದಿಯ ರೆಂಬೆ ಬೇಕಾದಾಗ ಬಂದೂಕಿನಿಂದ ಹೊಡೆದು ಬೀಳಿಸಿದರು. ಉಪ್ಪುನೀರಿನಲ್ಲಿ ನಿಂತ ಮ್ಯಾಂಗ್ರೋವ್‌ಗಳಲ್ಲಿ ವಾತಾವರಣದ ಒತ್ತಡದ ಮೂವತ್ತು ಪಟ್ಟಿಗೂ ಮೀರಿದ ಸೆಳೆತ ಸಿಕ್ಕಿತು. ಹೃದಯದ ಒತ್ತಡದ ಪಕ್ಕದಲ್ಲಿ ಈ ಅಂಕಿ ಇಟ್ಟಾಗ ಇಡೀ ಕ್ಲಾಸ್ ಎದ್ದು ಕೂರುತ್ತದೆ. ಹೇಳಿಕೊಡುವಾಗ ಇದನ್ನು ನಾನೇ ಕಂಡಿದ್ದೇನೆ.

ವಿದ್ಯುತ್ತಿನ ವಿಷಯವೂ ಹಾಗೇ. ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಇದಕ್ಕೆ ಬೇಕಾದ ಅಯಾನುಗಳ ವ್ಯತ್ಯಾಸ ಕಾಪಾಡುವುದು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುವ ಪಂಪ್. ಇದನ್ನು ಯೆನ್ಸ್ ಸ್ಕೌ 1957ರಲ್ಲಿ ವಿವರಿಸಿದರು, 1997ರಲ್ಲಿ ನೊಬೆಲ್ ಬಂತು. ಹಾಜ್ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್‌ನ ದಪ್ಪ ನರದಲ್ಲಿ ಮಾಡಿದ ಅಳತೆಗಳಿಂದ 1952ರಲ್ಲಿ ನರದ ಮಿಡಿತಕ್ಕೆ ಗಣಿತ ಬರೆದರು. ಇದಿಷ್ಟು ಎಲ್ಲ ಕೋರ್ಸಿನಲ್ಲೂ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಇರದಿರುವುದು ಮುಂದಿನ ಮಾತು: ಹೂ ಬಿಡುವ ಗಿಡಗಳ ಕೋಶದಲ್ಲಿ ಈ ಸೋಡಿಯಂ ಪಂಪ್ ಇಲ್ಲ. ಅಲ್ಲಿ ಪ್ರೋಟಾನ್ ಹೊರದಬ್ಬುವ ಪಂಪ್ ಇದೆ, ಮತ್ತು ಪೊರೆಯ ವೋಲ್ಟೇಜ್ ಎಷ್ಟೋ ಸಲ ಮೈನಸ್ 120 ಮಿಲಿವೋಲ್ಟ್‌ಗೂ ಕೆಳಗೆ ಇರುತ್ತದೆ. ಲೆಕ್ಕಕ್ಕೆ ತಗೊಂಡರೆ ನಮ್ಮ ನರಕ್ಕಿಂತ ಗಿಡದ ಕೋಶವೇ ಜಾಸ್ತಿ 'ಚಾರ್ಜ್' ಆಗಿದೆ!

ನೊಣ ಹಿಡಿಯುವ ವೀನಸ್ ಫ್ಲೈಟ್ರಾಪ್ ಗಿಡದ ಎಲೆಯಲ್ಲಿ ಬರ್ಡನ್ ಸ್ಯಾಂಡರ್ಸನ್ 1873ರಲ್ಲೇ ವಿದ್ಯುತ್ ಮಿಡಿತ ದಾಖಲಿಸಿದ್ದರು. ಆ ಎಲೆಯ ರೋಮವನ್ನು ಒಮ್ಮೆ ಮುಟ್ಟಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡನೇ ಸಲ ಮುಟ್ಟಿದರೆ ಟಪ್ಪನೆ ಮುಚ್ಚುತ್ತದೆ. ಮುಟ್ಟಿದರೆ ಮುನಿಯ ಮೇಲೆ ಜಗದೀಶ್ ಚಂದ್ರ ಬೋಸ್ ವರ್ಷಗಟ್ಟಲೆ ಕೆಲಸ ಮಾಡಿದರು. ಅದರಲ್ಲಿ ಸಂದೇಶ ಸೆಕೆಂಡಿಗೆ ಕೆಲವು ಸೆಂಟಿಮೀಟರ್ ಓಡುತ್ತದೆ, ನಮ್ಮ ವೇಗದ ನರಗಳಲ್ಲಿ ಸೆಕೆಂಡಿಗೆ ನೂರು ಮೀಟರ್. ಪ್ರಾಣಿಯಲ್ಲಿ ಮಿಡಿತ ಶುರುವಾಗುವುದು ಸೋಡಿಯಂ ಒಳನುಗ್ಗಿದಾಗ, ಗಿಡದಲ್ಲಿ ಮುಖ್ಯವಾಗಿ ಕ್ಲೋರೈಡ್ ಹೊರಹೋದಾಗ. ಫಲ ಒಂದೇ, ದಾರಿ ಬೇರೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಇತ್ತು, 'ಪರೀಕ್ಷೆಗೆ ಇಲ್ಲ' ಅಂತ ಲೆಕ್ಚರರ್ ಗೆರೆ ಹಾಕಿಸಿದ್ದರು.

ನಾನು ಹೇಳಿಕೊಡುವಾಗ ಹೆಚ್ಚು ಬಳಸುವ ಜೋಡಿ ಇನ್ನೊಂದಿದೆ. ಭೇದಿಯಾದಾಗ ಕೊಡುವ ಓಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಸಕ್ಕರೆ ಯಾಕೆ? ಕರುಳಿನ ಕೋಶದಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೆ ಒಳಗೆ ಬಿಡುವ ಬಾಗಿಲಿದೆ. ರಾಬರ್ಟ್ ಕ್ರೇನ್ 1960ರಲ್ಲಿ ಇದನ್ನು ಸೂಚಿಸಿದರು. ಇವೆರಡು ಒಳಹೋದರೆ ನೀರು ಹಿಂಬಾಲಿಸುತ್ತದೆ. ಈಗ ಎಲೆಗೆ ಬನ್ನಿ. ಅನೇಕ ಗಿಡಗಳಲ್ಲಿ ಎಲೆಯಲ್ಲಿ ತಯಾರಾದ ಸಕ್ಕರೆ, ಅದನ್ನು ಗಿಡದ ಬೇರೆ ಕಡೆ ಸಾಗಿಸುವ ಫ್ಲೋಯಂ ಎಂಬ ಕೊಳವೆ ಸೇರುವುದು ಪ್ರೋಟಾನ್ ಜೊತೆಗೂಡಿ. ಅಲ್ಲೂ ನೀರು ಹಿಂದೆಯೇ ನುಗ್ಗುತ್ತದೆ, ಒತ್ತಡ ಏರುತ್ತದೆ, ರಸ ಬೇರಿನ ಕಡೆಗೋ ಹಣ್ಣಿನ ಕಡೆಗೋ ಹರಿಯುತ್ತದೆ. ಎರ್ನ್‌ಸ್ಟ್ ಮ್ಯೂಂಖ್ 1930ರಲ್ಲಿ ವಿವರಿಸಿದ ಹರಿವು ಇದೇ. ಕರುಳಿನ ಪಾಠ ಗೊತ್ತಿದ್ದವರಿಗೆ ಫ್ಲೋಯಂ ಪಾಠ ಮುಕ್ಕಾಲು ಗೊತ್ತಿದ್ದ ಹಾಗೆ.

ಕಿಡ್ನಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೆದರುವ ಪಾಠ ಅದು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರುತ್ತದೆ ಅನ್ನುವ ಅಂಕಿಯಿಂದ ಶುರು ಮಾಡುವ ಮೇಷ್ಟ್ರು ಸಿಕ್ಕರೆ ನಿಮ್ಮ ಪುಣ್ಯ. ಭಾಗಗಳ ಹೆಸರಿನಿಂದ ಶುರು ಮಾಡುವವರು ಸಿಕ್ಕರೆ ಪುಸ್ತಕವೇ ಗತಿ.

ಲ್ಯಾಬ್‌ಗೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ಡ್ಯಾಫ್ನಿಯಾ ಎಂಬ ಪುಟ್ಟ ನೀರುಜೀವಿ ಪಾರದರ್ಶಕ. ಸೂಕ್ಷ್ಮದರ್ಶಕದಲ್ಲಿ ಅದರ ಹೃದಯ ಬಡಿಯುವುದು ನೇರವಾಗಿ ಕಾಣುತ್ತದೆ. ನೀರು ಸ್ವಲ್ಪ ಬೆಚ್ಚಗಾದರೆ ಬಡಿತ ಎಣಿಸಲಾಗದಷ್ಟು ಜೋರಾಗುತ್ತದೆ. ಎಲೆಯ ಅಡಿಗೆ ನೈಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸುಲಿದು ನೋಡಿದರೆ ಪತ್ರರಂಧ್ರಗಳ ಅಚ್ಚು ಸಿಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಪೊಟೋಮೀಟರ್. ರೆಂಬೆ ಎಷ್ಟು ನೀರು ಹೀರುತ್ತದೆ ಅಂತ ಅಳೆಯುವ ಸಾಧನ ಅದು. ರೆಂಬೆಯನ್ನು ನೀರಿನೊಳಗೇ ಕತ್ತರಿಸಬೇಕು. ಹೊರಗೆ ಕತ್ತರಿಸಿದರೆ ಕ್ಸೈಲಂನಲ್ಲಿರುವ ಸೆಳೆತಕ್ಕೆ ಗಾಳಿ ಒಳನುಗ್ಗಿ ನೀರಿನ ಸಾಲು ಕಡಿದುಹೋಗುತ್ತದೆ. ರೀಡಿಂಗ್ ಬರದೆ ಗೊಣಗುತ್ತಿದ್ದ ಬ್ಯಾಚಿಗೆ ಅದು ಬರದಿರುವುದೇ ಡಿಕ್ಸನ್ ಮತ್ತು ಜೋಲಿ ಹೇಳಿದ್ದಕ್ಕೆ ಪುರಾವೆ ಅಂತ ಲ್ಯಾಬ್ ಸಹಾಯಕರು ವಿವರಿಸಿದ್ದು ಇಡೀ ಸೆಮಿಸ್ಟರಿನ ಅತ್ಯುತ್ತಮ ಪಾಠ.

ಕಪ್ಪೆಯ ಸ್ನಾಯುವಿನ ಪ್ರಯೋಗ ಈಗ ಅನೇಕ ಕಡೆ ಕಂಪ್ಯೂಟರಿನಲ್ಲಿ. ಕಪ್ಪೆಗಳ ದೃಷ್ಟಿಯಿಂದ ಒಳ್ಳೆಯದೇ, ನನಗೂ ಒಪ್ಪಿಗೆ. ಆದರೆ ಸಾಫ್ಟ್‌ವೇರ್ ಕೊಡುವ ಗ್ರಾಫ್ ಪ್ರತಿ ಸಲ ನೀಟಾಗಿರುತ್ತದೆ. ಇಬ್ಬರು ಅಳೆದರೆ ಎರಡು ಉತ್ತರ ಬರಬಹುದು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಸ್ಟೆತೊಸ್ಕೋಪ್ ಹಿಡಿದು ಒಬ್ಬರ ಬಿಪಿ ಇನ್ನೊಬ್ಬರು ಅಳೆಯುವ ಲ್ಯಾಬ್ ಸಾಕು, ಯಾರಿಗೂ ನೋವಿಲ್ಲ.

ಗಣಿತಕ್ಕೆ ಹೆದರುವವರಿಗೆ ಒಂದು ಮಾತು. ಬೇಕಾಗುವುದು ಸ್ವಲ್ಪವೇ, ಆದರೆ ಅದು ಬೇಕೇ ಬೇಕು. ಕೊಳವೆಯ ತ್ರಿಜ್ಯ ಅರ್ಧವಾದರೆ, ಬೇರೆಲ್ಲ ಹಾಗೇ ಇದ್ದರೆ, ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಈ ಒಂದು ಲೆಕ್ಕ ರಕ್ತನಾಳಕ್ಕೂ ಕ್ಸೈಲಂಗೂ ನಡೆಯುತ್ತದೆ. ಮೋಲ್, ಸಾಂದ್ರತೆ, ಲಾಗರಿದಮ್ ಮರೆತಿದ್ದರೆ ಸೇರುವ ಮೊದಲೇ ಒಮ್ಮೆ ತಿರುವಿ ಹಾಕಿ. ಕೋರ್ಸ್ ಶುರುವಾದ ಮೇಲೆ ಪುರುಸೊತ್ತು ಸಿಗುವುದಿಲ್ಲ.

ಈಗ ನನಗೆ ಮರೆತುಹೋಗಿರುವುದು: ಕ್ರೆಬ್ಸ್ ಚಕ್ರದ ಹೆಸರುಗಳ ಸಾಲು, ಸ್ನಾಯುವಿನ ಪಟ್ಟಿಗಳ ಇಂಗ್ಲಿಷ್ ಅಕ್ಷರಗಳು, ಹಾರ್ಮೋನುಗಳ ಕೋಷ್ಟಕ. ಇವಕ್ಕೇ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಇದ್ದವು. ಉಳಿದಿರುವುದು ಕಾರಣಗಳು. ಕುಂಡದ ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡಿದರೆ ಇನ್ನಷ್ಟು ನೀರು ಹಾಕಬಾರದು, ಬೇರಿಗೆ ಆಮ್ಲಜನಕ ಸಿಗದೆ ಅದು ನೀರು ಹೀರಲಾರದು ಅಂತ ಗೊತ್ತಿದೆ. ರಕ್ತ ಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ ಸ್ವಲ್ಪ ಏರಿದರೂ ಡಾಕ್ಟರು ಯಾಕೆ ಗಂಭೀರವಾಗುತ್ತಾರೆ ಅಂತ ಗೊತ್ತಿದೆ: ಹೊರಗೆ ಪೊಟ್ಯಾಸಿಯಂ ಜಾಸ್ತಿಯಾದರೆ ಪೊರೆಯ ವೋಲ್ಟೇಜ್ ಬದಲಾಗಿ ಹೃದಯದ ಲಯವೇ ತಪ್ಪಬಹುದು.

ಸೇರುವ ಯೋಚನೆ ಇದ್ದರೆ ಮೂರು ವಿಷಯ ವಿಚಾರಿಸಿ. ಸಸ್ಯ ಭಾಗಕ್ಕೆ ಒಟ್ಟು ಕ್ಲಾಸಿನ ಮೂರನೇ ಒಂದು ಪಾಲಾದರೂ ಇದೆಯಾ? ಲ್ಯಾಬ್ ಕೈಯಿಂದ ಮಾಡುವುದಾ, ಬರೀ ಸ್ಕ್ರೀನ್ ಮೇಲಾ? ಹಳೆಯ ಪ್ರಶ್ನೆಪತ್ರಿಕೆಯಲ್ಲಿ 'ಯಾಕೆ' ಅನ್ನುವ ಪ್ರಶ್ನೆ ಎಷ್ಟಿವೆ? ಎರಡು ಭಾಗಕ್ಕೆ ಇಬ್ಬರು ಬೇರೆ ಬೇರೆ ಲೆಕ್ಚರರ್ ಇದ್ದರೆ, ಸಾಧ್ಯವಾದರೆ ಸಸ್ಯ ಭಾಗದವರ ಒಂದು ಕ್ಲಾಸಿಗೆ ಮೊದಲೇ ಹೋಗಿ ಕೂತು ನೋಡಿ. ಪ್ರಾಣಿ ಭಾಗದ ಪಾಠ ಸಪ್ಪೆಯಾಗಿದ್ದರೆ ಅದಕ್ಕೆ ಒಳ್ಳೆಯ ಪುಸ್ತಕ, ವಿಡಿಯೋ ಬೇಕಾದಷ್ಟಿವೆ. ಸಸ್ಯ ಭಾಗಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.