ಮರ ಹತ್ತುವವರಿಗೆ 20 ರೂಪಾಯಿ, 436 ರೂಪಾಯಿ ವಿಮೆ: ಮಾಡಿಸಬಹುದೇ?

ತಿಪಟೂರು, ತುರುವೇಕೆರೆ ಕಡೆ ಮರ ಹತ್ತಿ ತೆಂಗಿನಕಾಯಿ ಕೀಳುವ ಕೂಲಿಯವರಿಗೆ ವಿಮೆ ಅಂದರೆ ಏಜೆಂಟರು ಮಾರುವ ಪಾಲಿಸಿ. ಕಂತು ಕಟ್ಟಲಾಗದೆ ಅದು ನಡುವೆಯೇ ನಿಂತುಹೋಗುವುದೇ ಹೆಚ್ಚು. ಇವರು ಮೊದಲು ಮಾಡಿಸಬೇಕಾದದ್ದು ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಯಿಂದಲೇ ಕಂತು ಹೋಗುವ ಎರಡು ವಿಮೆಗಳನ್ನು: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ ಜ್ಯೋತಿ ಬಿಮಾ. 2015ರಲ್ಲಿ ಶುರುವಾದಾಗ ವರ್ಷದ ಕಂತು 12 ಮತ್ತು 330 ರೂಪಾಯಿ ಇತ್ತು. 2022ರ ಜೂನ್‌ನಿಂದ 20 ಮತ್ತು 436 ಆಗಿದೆ. ಏರಿದ ಮೇಲೂ ಈ ದುಡ್ಡಿಗೆ ಇಷ್ಟು ರಕ್ಷಣೆ ಕೂಲಿಯವರಿಗೆ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

20 ರೂಪಾಯಿಯದು ಅಪಘಾತಕ್ಕೆ ಮಾತ್ರ, 18ರಿಂದ 70 ವರ್ಷದವರಿಗೆ. ಸತ್ತರೆ 2 ಲಕ್ಷ. ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಶಾಶ್ವತವಾಗಿ ಹೋದರೂ 2 ಲಕ್ಷ. ಒಂದೇ ಕಣ್ಣು, ಒಂದೇ ಕೈ ಅಥವಾ ಕಾಲು ಹೋದರೆ 1 ಲಕ್ಷ. ಕಾಲು ಮುರಿದು ಆರು ತಿಂಗಳು ಮಲಗಿ ಮತ್ತೆ ಎದ್ದು ಓಡಾಡಿದರೆ ಏನೂ ಬರುವುದಿಲ್ಲ. ಇದನ್ನು ಸೇರಿಸಿಕೊಳ್ಳುವಾಗಲೇ ಬಿಡಿಸಿ ಹೇಳಬೇಕು, ಹೇಳುವವರು ಕಡಿಮೆ. ಆಸ್ಪತ್ರೆ ಖರ್ಚು ಎರಡರಲ್ಲೂ ಇಲ್ಲ. ಅದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡೇ ಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

436 ರೂಪಾಯಿಯದು ಸಾವಿಗೆ. ಕಾಯಿಲೆಯಾಗಲಿ ಅಪಘಾತವಾಗಲಿ 2 ಲಕ್ಷ ಬರುತ್ತದೆ. 50 ತುಂಬುವುದರೊಳಗೆ ಸೇರಿದವರಿಗೆ 55ರವರೆಗೆ ನಡೆಯುತ್ತದೆ. ಎರಡೂ ಇದ್ದವರು ಅಪಘಾತದಲ್ಲಿ ಹೋದರೆ ಮನೆಯವರಿಗೆ ಒಟ್ಟು 4 ಲಕ್ಷ. ನಡುವರ್ಷದಲ್ಲಿ ಸೇರಿದರೆ ಜೀವನ ಜ್ಯೋತಿಯ ಕಂತು ಇಳಿಯುತ್ತದೆ: ಸೆಪ್ಟೆಂಬರ್‌ನಿಂದ 342, ಡಿಸೆಂಬರ್‌ನಿಂದ 228, ಮಾರ್ಚ್‌ನಿಂದ 114.

ಕೆಡುವುದು ಮೇ ಕೊನೆಯ ವಾರದಲ್ಲಿ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮುಂದಿನ ವರ್ಷದ ಕಂತು ಮೇ 25ರಿಂದ 31ರೊಳಗೆ ತಾನಾಗಿ ಹೋಗಬೇಕು. ಗೃಹಲಕ್ಷ್ಮಿ ಹಣ, ನರೇಗಾ ಕೂಲಿ ಒಂದು ಖಾತೆಗೆ ಬೀಳುತ್ತಿರುತ್ತದೆ, ವಿಮೆ ಮಾಡಿಸಿದ ಹಳೇ ಜನಧನ್ ಖಾತೆ ಇನ್ನೊಂದು ಬ್ಯಾಂಕಿನಲ್ಲಿ ಬರಿದಾಗಿ ಕೂತಿರುತ್ತದೆ. ಅಲ್ಲಿಗೆ ವಿಮೆ ನಿಂತಿತು. ಮತ್ತೆ ಸೇರಿದರೆ ಜೀವನ ಜ್ಯೋತಿಯಲ್ಲಿ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟು ಬೇರೆ ಸಾವಿಗೆ ಹಣವಿಲ್ಲ. ಆದ್ದರಿಂದ ದುಡ್ಡು ಬೀಳುವ ಖಾತೆಯಲ್ಲೇ ವಿಮೆ ಮಾಡಿಸಿ, ಮೇ 20ರೊಳಗೆ 500 ರೂಪಾಯಿ ಉಳಿಸಿ, ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ. 20 ಒಂದು ಸಾಲು, 436 ಒಂದು ಸಾಲು ಕಂಡರೆ ಸರಿ. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಟ್ಟಿದರೆ ಎರಡು ಪಾಲು ಬರುವುದಿಲ್ಲ, ಎರಡನೆಯದರ ಕಂತು ದಂಡ.

ಮರದಿಂದ ಬಿದ್ದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ರಸ್ತೆ ಅಪಘಾತಕ್ಕೆ, ನೀರಿಗೆ ಬಿದ್ದದ್ದಕ್ಕೆ ಪೊಲೀಸ್ ದೂರು ಬೇಕು. ಮರದಿಂದ ಬಿದ್ದರೆ ಅಥವಾ ಹಾವು ಕಚ್ಚಿದರೆ ಆ ಕೂಡಲೇ ತೋರಿಸಿದ ಆಸ್ಪತ್ರೆಯ ದಾಖಲೆಯೇ ಆಧಾರ. ನಮ್ಮ ಕಡೆ ಬಿದ್ದವರನ್ನು ಮೊದಲು ಕರೆದೊಯ್ಯುವುದು ಮುರಿದ ಮೂಳೆಗೆ ಹಾಕುವ ನಾಟಿ ಪುತ್ತೂರು ಕಟ್ಟು ಕಟ್ಟಿಸಲು, ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು. ಜೀವಕ್ಕೂ ಅಪಾಯ, ಆಧಾರವೂ ಹೋಯಿತು. ಸರ್ಕಾರಿ ಆಸ್ಪತ್ರೆಗೆ ಹೋದರೂ ಚೀಟಿಯಲ್ಲಿ ಏನು ಬರೆದಿದ್ದಾರೆಂದು ನೋಡಿ. ‘ಸೊಂಟ ನೋವು’ ಎಂದಷ್ಟೇ ಇದ್ದರೆ ಸಾಲದು. ‘ತೆಂಗಿನ ಮರದಿಂದ ಬಿದ್ದು ಪೆಟ್ಟು’ ಎಂದು ದಿನಾಂಕ, ಹೊತ್ತಿನ ಸಮೇತ ಬರೆಸಿಕೊಳ್ಳಿ. ಸಾವಾದರೆ ಮರಣೋತ್ತರ ಪರೀಕ್ಷೆ ಬೇಡ ಎನ್ನಬೇಡಿ. ಮನೆಯವರು ಸಂಕಟದಲ್ಲಿ ಹಾಗೇ ಮಣ್ಣು ಮಾಡಿಬಿಡುತ್ತಾರೆ, ಆಮೇಲೆ ಅಪಘಾತ ಎಂದು ತೋರಿಸುವುದೇ ಕಷ್ಟ.

ನಾಮಿನಿ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ನಾಮಿನಿ ಮಗುವಾಗಿದ್ದರೆ ಪಾಲಕರ ಹೆಸರೂ ಬರೆಸಿ. ಕ್ಲೇಮ್ ಅರ್ಜಿಯನ್ನು ವಿಮಾ ಕಂಪನಿಗೆ ಹುಡುಕಿಕೊಂಡು ಹೋಗಬೇಕಿಲ್ಲ, ಖಾತೆ ಇರುವ ಶಾಖೆಗೇ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಕೊಡುವುದು ಒಳ್ಳೆಯದು. ಮರಣ ಪತ್ರ, ನಾಮಿನಿಯ ಆಧಾರ್, ಪಾಸ್‌ಬುಕ್ ಜೊತೆಗಿರಲಿ.

ಬೆಲೆಗೆ ಹತ್ತಕ್ಕೆ ಹತ್ತು ಅಂಕ. ತಿಳಿಸಿ ಹೇಳುವುದರಲ್ಲಿ ನಾಲ್ಕು ಕೊಟ್ಟರೆ ಹೆಚ್ಚು. ಹಳ್ಳಿಯಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಡುವ ಬ್ಯಾಂಕ್ ಮಿತ್ರರು ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಮನೆಯಲ್ಲಿ ಒಂದು ತುಂಡು ಕಾಗದವೂ ಉಳಿಯುವುದಿಲ್ಲ. ಗಂಡನ ಖಾತೆಯಲ್ಲಿ ವಿಮೆ ಇತ್ತೆಂದು ಹೆಂಡತಿಗೇ ಗೊತ್ತಿರುವುದಿಲ್ಲ. 20 ಮತ್ತು 436ರ ಸಾಲಿರುವ ಪಾಸ್‌ಬುಕ್ ಪುಟದ ಜೆರಾಕ್ಸ್ ತೆಗೆದು ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟು, ಅದು ಅಲ್ಲಿದೆ ಎಂದು ಅವಳಿಗೆ ಇವತ್ತೇ ಹೇಳಿ.